ಯಾರ ಕಡೆಯಿಂದ ಬಂತು?

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗನಿಗೆ ಅವನ ಅಕ್ಕನ ಮಗಳನ್ನೇ ತಂದುಕೊಂಡೆವು. ಮೊಮ್ಮಗನಿಗೆ ಥಲಸ್ಸೀಮಿಯಾ. ತಿಂಗಳು ತಿಂಗಳು ರಕ್ತ ಕೊಡಿಸುತ್ತಿದ್ದೇವೆ. ನಮ್ಮ ವಂಶದಲ್ಲಿ ಯಾರಿಗೂ ಇದಿಲ್ಲ. ಅಳಿಯನ ಕಡೆಯಿಂದಲೇ ಬಂದಿರಬೇಕಲ್ವಾ? ಇನ್ನೊಂದು ಮಗುವಾದರೆ ಅದಾದರೂ ಚೆನ್ನಾಗಿರುತ್ತೆ ತಾನೇ? ಕಿರಿಮಗಳಿಗೂ ಗಂಡು ನೋಡುತ್ತಿದ್ದೇವೆ."

ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅಳಿಯನ ಮನೆಯವರನ್ನು ದೂರಬೇಡಿ. ಥಲಸ್ಸೀಮಿಯಾ ಅಂದರೆ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾಗದ ರಕ್ತದ ಕಾಯಿಲೆ. ಇದು ದುರ್ಬಲ ಗುಣದ ಕಾಯಿಲೆ. ದೋಷವಿರುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಅಂದರೆ ನಿಮ್ಮ ಮಗನಲ್ಲೂ ಅದು ಒಂದಿದೆ. ಅವನಿಗದು ನಿಮ್ಮಿಂದಲೋ ನಿಮ್ಮ ಯಜಮಾನರಿಂದಲೋ ಬಂದಿರಬೇಕು. ಅದೇ ಜೀನ್ ನಿಮ್ಮ ಹಿರಿಮಗಳ ಮೂಲಕ ಸೊಸೆಗೂ ಹೋಗಿರುವ ಸಾಧ್ಯತೆಯೇ ಜಾಸ್ತಿ. ಒಂದೇ ಇದ್ದವರು ಗಟ್ಟಿಮುಟ್ಟಾಗಿರುತ್ತಾರೆ, ಹೆಚ್ಚೆಂದರೆ ಸ್ವಲ್ಪ ರಕ್ತ ಕಡಿಮೆ. ಹಾಗಾಗಿ 'ಯಾರಿಗೂ ಇಲ್ಲ' ಅನ್ನುವ ಮಾತು ನಿಲ್ಲುವುದಿಲ್ಲ. ಮಿದುಳಿನ ನರಕೋಶಗಳು ಸವೆಯುವ ಹಂಟಿಂಗ್ಟನ್‌ನಂಥ ಪ್ರಬಲ ಗುಣದ ಕಾಯಿಲೆಗೆ ಒಂದೇ ಜೀನ್ ಸಾಕು, ಸಾಮಾನ್ಯವಾಗಿ ಅಪ್ಪನಲ್ಲೋ ಅಮ್ಮನಲ್ಲೋ ಅದು ಕಾಣಿಸಿಕೊಂಡಿರುತ್ತದೆ. ಇದು ಹಾಗಲ್ಲ, ಎಷ್ಟೋ ತಲೆಮಾರು ಸದ್ದಿಲ್ಲದೆ ಸಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ನಿಮ್ಮದೂ ಇಲ್ಲ.

ಸೋದರ ಸಂಬಂಧಕ್ಕೆ ಕಾರಣಗಳಿದ್ದವು, ಒಪ್ಪುತ್ತೇನೆ. ಗೊತ್ತಿದ್ದ ಮನೆ, ಜಮೀನು ಒಡೆಯುವುದಿಲ್ಲ. ಆದರೆ ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲುಭಾಗ ಜೀನ್‌ಗಳು ಒಂದೇ ಮೂಲದವು. ಹಾಗಾಗಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಇಂಥದ್ದನ್ನು ಗಮನಿಸಿದ್ದರು. ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯಾ ಇದ್ದ ಹಲವರ ತಂದೆತಾಯಿ ಹತ್ತಿರದ ಸಂಬಂಧಿಗಳೇ ಆಗಿದ್ದರು.

ಇನ್ನೊಂದು ಮಗುವಿನ ಮಾತು. ಅಪ್ಪ ಅಮ್ಮ ಇಬ್ಬರಲ್ಲೂ ಇಂಥ ಜೀನ್ ಒಂದೊಂದಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾಲ್ಕರಲ್ಲಿ ಒಂದಕ್ಕೆ ಅಂದರೆ ಒಂದಕ್ಕೆ ಬಂತು, ಉಳಿದ ಮೂರು ಕ್ಷೇಮ ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದು, ಪ್ರತಿ ಸಲವೂ ಅದೇ 25%.

ನನಗೆ ಸಿಟ್ಟು ಬರುವುದು ಇಲ್ಲೇ. ಶಾಲೆಯಲ್ಲಿ ಮೆಂಡಲನ ಬಟಾಣಿ, 3:1 ಎಲ್ಲ ಬಾಯಿಪಾಠ ಮಾಡಿಸಿ ಅಂಕ ಕೊಡುತ್ತೇವೆ. ಆ ಲೆಕ್ಕ ನಿನ್ನ ಮನೆಗೂ ಸೇರಿದ್ದು ಎಂದು ಮಕ್ಕಳಿಗೆ ಹೇಳುವವರಿಲ್ಲ. ಸೈಪ್ರಸ್‌ನಲ್ಲಿ ಮದುವೆಗೆ ಮುಂಚೆ ಚರ್ಚ್ ಥಲಸ್ಸೀಮಿಯಾ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತದೆ. ಅಲ್ಲೀಗ ಈ ಕಾಯಿಲೆಯ ಮಕ್ಕಳು ಹುಟ್ಟುವುದು ಅಪರೂಪ. ನಾವು ಛತ್ರಕ್ಕೆ ವರ್ಷದ ಮುಂಚೆ ಓಡುತ್ತೇವೆ. ರಕ್ತಪರೀಕ್ಷೆ ಅಂದರೆ ಮಾತ್ರ 'ಹುಡುಗಿಗೆ ಏನು ದೋಷ?' ಅನ್ನುತ್ತೇವೆ. ಹುಡುಗಿಗೇ ಯಾಕೆ?

ಮಗ–ಸೊಸೆ ಮುಂದಿನ ಬಸಿರಿಗೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶವಾಹಿ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆಗೆ ಹೋಗಲಿ. ಬಸಿರಾದ ಮೊದಲ ಮೂರು ತಿಂಗಳ ಕೊನೆಗೇ ಮಗುವನ್ನು ಪರೀಕ್ಷಿಸಲು ಸಾಧ್ಯವಿದೆ. ಕಿರಿಮಗಳಿಗೆ ಈ ಜೀನ್ ಒಂದಿದೆಯೇ ಎಂದು ತಿಳಿಯಲು ಮಾಡುವ ಎಚ್‌ಬಿ ಎ2 ಎಂಬ ರಕ್ತಪರೀಕ್ಷೆ ಈಗಲೇ ಮಾಡಿಸಿ. ಅವಳಲ್ಲಿ ಈ ಜೀನ್ ಕಂಡರೂ ಮದುವೆ ನಿಲ್ಲಿಸಬೇಕಿಲ್ಲ. ಆಗ ಹುಡುಗನಿಗೂ ಪರೀಕ್ಷೆ ಆಗಲಿ. ಅವನಲ್ಲಿ ಹಿಮೋಗ್ಲೋಬಿನ್ನಿನ ಇಂಥ ದೋಷ ಇಲ್ಲವೆಂದಾದರೆ ಧೈರ್ಯವಾಗಿ ಮದುವೆ ಮಾಡಿ.