ಒಂದು ಕಿಲೋಮೀಟರ್ ದೂರದ ಲೇಸರ್ ನೋಡಬಹುದಾ?

ಪ್ರಶ್ನೆ: ನನ್ನ ಗೆಳೆಯ ಒಂದು ವ್ಯಾಟ್‌ನ ಹಸಿರು ಲೇಸರ್ ತರಿಸಿದ್ದಾನೆ. ಅದನ್ನು ಊರಾಚೆಯ ಗುಡ್ಡದಿಂದ ನಮ್ಮ ಮನೆ ಮಹಡಿ ಕಡೆ ಬಿಡುತ್ತಾನಂತೆ, ನಡುವೆ ಸುಮಾರು ಒಂದು ಕಿಲೋಮೀಟರ್ ಇದೆ. ಇಷ್ಟು ದೂರದಿಂದ ನೋಡಿದರೆ ಕಣ್ಣಿಗೆ ಏನಾದರೂ ಆಗುತ್ತಾ? ಬೈನಾಕ್ಯುಲರ್‌ನಲ್ಲಿ ನೋಡಬೇಕು ಅಂತಿದ್ದೇನೆ.
– ಒಬ್ಬ ಓದುಗ, ತುಮಕೂರು

ಉತ್ತರ: ಬೈನಾಕ್ಯುಲರ್ ಮಾತ್ರ ಖಂಡಿತ ಬೇಡ. ಯಾಕೆ ಅಂತ ಹೇಳುತ್ತೇನೆ.

ಲೇಸರ್ ಕಿರಣ ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಅದೂ ಅಗಲವಾಗುತ್ತಲೇ ಹೋಗುತ್ತದೆ. ಸಾಧಾರಣ ಕೈ ಲೇಸರ್‌ನ ಕಿರಣ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಅಗಲ ಆಗಿರುತ್ತದೆ. ಕತ್ತಲಲ್ಲಿ ಪೂರ್ತಿ ತೆರೆದ ಕಣ್ಣಿನ ಪಾಪೆ 7 ಮಿಲಿಮೀಟರ್. ಹಾಗಾಗಿ ಒಂದು ವ್ಯಾಟ್‌ನಲ್ಲಿ ನಿಮ್ಮ ಕಣ್ಣೊಳಗೆ ಹೋಗುವುದು ಸುಮಾರು 0.05 ಮಿಲಿವ್ಯಾಟ್ ಅಷ್ಟೇ. ಕಣ್ಣಿಗೆ ಬೆಳಕು ಕುಕ್ಕಿದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ 1 ಮಿಲಿವ್ಯಾಟ್ ತನಕ ತೊಂದರೆ ಇಲ್ಲ ಅಂತ ಲೆಕ್ಕ. ಬರಿಗಣ್ಣಿಗೆ ದೂರವೇ ರಕ್ಷಣೆ.

ಈಗ 7x50 ಬೈನಾಕ್ಯುಲರ್ ಹಿಡಿದುಕೊಳ್ಳಿ. ಅದರ ಮುಂದಿನ ಗಾಜು 50 ಮಿಲಿಮೀಟರ್ ಅಗಲ, ಅಲ್ಲಿ ಬಿದ್ದ ಬೆಳಕನ್ನೆಲ್ಲ ಒಟ್ಟುಮಾಡಿ ನಿಮ್ಮ ಪಾಪೆಯೊಳಗೆ ಸುರಿಯುತ್ತದೆ. ಅದೇ ಜಾಗ, ಅದೇ ಲೇಸರ್, ಆದರೆ ಕಣ್ಣಿಗೆ 2.5 ಮಿಲಿವ್ಯಾಟ್! ಐವತ್ತು ಪಟ್ಟು ಜಾಸ್ತಿ. ಟೆಲಿಸ್ಕೋಪ್ ಆದರೆ ಇನ್ನೂ ಕೆಟ್ಟದ್ದು. ದೊಡ್ಡದಾಗಿ ಕಾಣಲೇಬೇಕು ಅಂದರೆ ಮೊಬೈಲ್ ಕ್ಯಾಮೆರಾ ಹಿಡಿದು ಅದರ ಪರದೆಯಲ್ಲಿ ನೋಡಿ.

ನನಗೆ ನಿಜವಾಗಿ ಭಯ ಇರುವುದು ಗುಡ್ಡದ ಕಡೆಯದು. ಒಂದು ವ್ಯಾಟ್ ಲೇಸರ್‌ನಿಂದ ಸುಮಾರು 225 ಮೀಟರ್ ಒಳಗೆ ಯಾರಿದ್ದರೂ ಬರಿಗಣ್ಣಿಗೂ ಅಪಾಯ. ಕತ್ತಲಲ್ಲಿ ನಿಮ್ಮ ಮಹಡಿ ಹುಡುಕುತ್ತಾ ಗೆಳೆಯ ಕಿರಣವನ್ನು ಆಕಡೆ ಈಕಡೆ ತಿರುಗಿಸುವಾಗ, ಗುಡ್ಡ ಇಳಿಯುತ್ತಿರುವವರು, ಕೆಳಗಿನ ರಸ್ತೆಯಲ್ಲಿ ಬೈಕ್‌ನಲ್ಲಿ ಬರುತ್ತಿರುವವರು, ಪಕ್ಕದಲ್ಲೇ ಕುತೂಹಲದಿಂದ ಇಣುಕುವ ಮಕ್ಕಳು ಯಾರ ಮುಖಕ್ಕೆ ಬೀಳುತ್ತದೋ ಹೇಳಲಾಗದು. ಇನ್ನು ಒಂದು ಕಿಲೋಮೀಟರ್ ದೂರದಲ್ಲೂ ಕಣ್ಣು ಕತ್ತಲೆ ಬಂದಂತಾಗುತ್ತದೆ; ಗಾಡಿ ಓಡಿಸುವವರಿಗೆ ಆ ಎರಡು ಕ್ಷಣವೇ ಸಾಕು. ವಿಮಾನದ ಪೈಲಟ್‌ಗೆ ಹತ್ತಾರು ಕಿಲೋಮೀಟರ್ ಆಚೆಗೂ ಇದು ಕಾಟ ಕೊಡುತ್ತದೆ, ಆದ್ದರಿಂದ ಆಕಾಶಕ್ಕೂ ಬಿಡಬೇಡಿ.

ಡಬ್ಬಿ ಮೇಲಿನ ವ್ಯಾಟ್ ಸಂಖ್ಯೆಯನ್ನೂ ನಂಬಬೇಡಿ. ಅಗ್ಗದ ಹಸಿರು ಲೇಸರ್‌ಗಳಲ್ಲಿ ಫಿಲ್ಟರ್ ಇಲ್ಲದಿದ್ದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಸೋರುತ್ತದೆ, ಅದಕ್ಕೆ ರೆಪ್ಪೆ ಮುಚ್ಚುವುದೇ ಇಲ್ಲ. ಗುಡ್ಡದಿಂದ ಸಂಕೇತ ಕಳಿಸುವುದೇ ಆಸೆಯಾದರೆ ಒಳ್ಳೆಯ ಎಲ್‌ಇಡಿ ಟಾರ್ಚ್ ಸಾಕು, ರಾತ್ರಿ ಒಂದು ಕಿಲೋಮೀಟರ್ ಆರಾಮಾಗಿ ಕಾಣುತ್ತದೆ.

ಪ್ರಶ್ನೆ: ತಂಪು ಕನ್ನಡಕ ಹಾಕಿಕೊಂಡರೆ ಸಾಲದೇ? ಕಣ್ಣಿಗೆ ಲೇಸರ್ ಬಿದ್ದರೆ ಏನು ಮಾಡಬೇಕು?
– ಒಬ್ಬ ಓದುಗಿ, ಹಾಸನ

ಉತ್ತರ: ಸಾಲದು. ಲೇಸರ್‌ಗೆಂದೇ ಮಾಡಿದ ಕನ್ನಡಕ ಬೇರೆ, ಅದು ಆಯಾ ಬಣ್ಣಕ್ಕೆ ತಕ್ಕದ್ದಾಗಿರಬೇಕು. ಹಸಿರಿನದು ನೀಲಿಗೆ ಆಗಬೇಕೆಂದಿಲ್ಲ. ಕಣ್ಣಿಗೆ ಬಿದ್ದರೆ ತಕ್ಷಣ ಮುಖ ತಿರುಗಿಸಿ, ಕಣ್ಣು ಉಜ್ಜಬೇಡಿ. ನೋವಿಲ್ಲ ಅಂತ ಸುಮ್ನೆ ಇರಬೇಡಿ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾಕ್ಕೆ ನೋವೇ ಗೊತ್ತಾಗುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿ ಓದಿ ನೋಡಿ; ನಡುವೆ ಚುಕ್ಕೆ ಉಳಿದಿದ್ದರೆ ಅಥವಾ ಅಕ್ಷರ ಸೊಟ್ಟಗೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.