ನಕ್ಷತ್ರ ಸಿಡಿಯುವ ಮುನ್ನ ಹಡಗಿಗೆ ಏನೇನು ಹೇರಬೇಕು?

ವೈಜ್ಞಾನಿಕ ಕಥೆ ಬರೆಯುವ ಓದುಗರ ಪ್ರಶ್ನೆಗಳಲ್ಲಿ ಈ ಸಲ ಜೀವಿಗಳನ್ನು ಹೊತ್ತೊಯ್ಯುವ ಹಡಗಿನದೇ ಸುದ್ದಿ. ಆಯ್ದ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನನ್ನ ಕಥೆಯಲ್ಲಿ ಪಕ್ಕದ ನಕ್ಷತ್ರವೊಂದು ಸೂಪರ್‌ನೋವಾ ಆಗಿ ಸಿಡಿಯಲಿದೆ. ಎಲ್ಲ ಪ್ರಾಣಿಗಳ ಡಿಎನ್‌ಎ ತುಂಬಿಕೊಂಡ ಹಡಗು 300 ವರ್ಷದ ಪ್ರಯಾಣ ಹೊರಡುತ್ತದೆ. ಡಿಎನ್‌ಎ ಇದ್ದರೆ ಸಾಕಲ್ಲವೇ? (ಹುಬ್ಬಳ್ಳಿ)

ಸಾಲದು. ಬರೀ ಡಿಎನ್‌ಎಯಿಂದ ಇವತ್ತಿನವರೆಗೆ ಒಂದು ಇಲಿಯೂ ಹುಟ್ಟಿಲ್ಲ. ಇಡೀ ಜೀವಕೋಶ ಬೇಕು, ಅದರ ತಿರುಳನ್ನು (ನ್ಯೂಕ್ಲಿಯಸ್) ಸೇರಿಸಲು ಅಂಡಾಣು ಬೇಕು, ಆಮೇಲೆ ಬೆಳೆಯಲು ಒಂದು ಗರ್ಭ ಬೇಕು. 2001ರಲ್ಲಿ ಅಮೆರಿಕದಲ್ಲಿ ನಮ್ಮ ಕಾಡಿನ ಕಾಟಿಯ ಕರುವೊಂದು ಹೀಗೆ ಹುಟ್ಟಿತು. ಹೆಪ್ಪುಗಟ್ಟಿಸಿಟ್ಟಿದ್ದ ಚರ್ಮದ ಕೋಶದಿಂದ ತಿರುಳು ತೆಗೆದು ದನದ ಅಂಡಾಣುವಿಗೆ ಸೇರಿಸಿದ್ದರು, ಹೆತ್ತದ್ದೂ ಒಂದು ಸಾಮಾನ್ಯ ಹಸು. ಎರಡು ದಿನದಲ್ಲಿ ಕರು ಭೇದಿಯಾಗಿ ಸತ್ತಿತು. ಅಂದರೆ ಕಾಟಿ ಬೇಕೆಂದರೆ ಹಡಗಿನಲ್ಲಿ ದನದ ಕೊಟ್ಟಿಗೆ ಇರಬೇಕು, ಸೆಗಣಿ ಬಾಚುವವರೂ ಇರಬೇಕು. ಆನೆಗೆ ಆ ಹಸುವಿನ ಗರ್ಭ ಸಾಲದು. ಆನೆಯನ್ನೇ ಒಯ್ಯಬೇಕು, ಇಲ್ಲವೇ ಕೃತಕ ಗರ್ಭವನ್ನು ನೀವು ಕಥೆಯಲ್ಲಿ ಕಟ್ಟಬೇಕು.

ಕೋಶ ಹೆಪ್ಪುಗಟ್ಟಿಸುವ ದೃಶ್ಯ ಬರೆಯುವುದಾದರೆ ಕ್ರಮ ಹೀಗಿದೆ. ಪೋಷಕ ದ್ರವಕ್ಕೆ, ಹಿಮದಿಂದ ಕೋಶವನ್ನು ಕಾಯುವ ಡಿಎಂಎಸ್‌ಒ ಎಂಬ ದ್ರವವನ್ನು ಶೇ 10ರಷ್ಟು ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಮೈನಸ್ 80ರವರೆಗೆ ಇಳಿಸಿ, ನಂತರ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕುತ್ತಾರೆ. ಅವಸರ ಮಾಡಿದರೆ ಕೋಶದೊಳಗೇ ಹಿಮದ ಹರಳು ಕಟ್ಟಿ ಪೊರೆ ಹರಿಯುತ್ತದೆ. ತೀರಾ ನಿಧಾನಿಸಿದರೆ ಸುತ್ತಲಿನ ನೀರು ಗಟ್ಟಿಯಾಗಿ, ಉಳಿದ ಉಪ್ಪುದ್ರವದಲ್ಲಿ ಕೋಶ ಉಪ್ಪಿನಕಾಯಿಯ ಮಿಡಿಯಂತೆ ಸುರುಟುತ್ತದೆ. ಕರಗಿಸುವಾಗ ಮಾತ್ರ ಅವಸರವೇ ಸರಿ: 37 ಡಿಗ್ರಿ ನೀರಿನಲ್ಲಿ ಶೀಶೆ ಅಲ್ಲಾಡಿಸುತ್ತಾ, ಒಳಗೆ ಜೋಳದ ಕಾಳಿನಷ್ಟು ಹಿಮ ಉಳಿದಾಗ ಹೊರಗೆ ತೆಗೆಯುತ್ತಾರೆ. ಹಕ್ಕಿಯ ಮೊಟ್ಟೆಗೆ ಈ ಉಪಾಯ ನಡೆಯದು, ಅಷ್ಟು ದೊಡ್ಡ ಹಳದಿ ಲೋಳೆ ಹೆಪ್ಪಾಗಿ ಮತ್ತೆ ಸರಿಯಾಗುವುದಿಲ್ಲ. ಭ್ರೂಣದಿಂದ ತೆಗೆದ ಮೂಲ ಜನನಕೋಶಗಳನ್ನು (ಮುಂದೆ ಅಂಡಾಣು, ವೀರ್ಯಾಣು ಆಗುವಂಥವು) ಇಟ್ಟುಕೊಳ್ಳಿ.

ಪ್ರಶ್ನೆ: ಬಾಹ್ಯಾಕಾಶವೇ ಕೊರೆಯುವಷ್ಟು ತಣ್ಣಗಿದೆಯಲ್ಲ, ಪೆಟ್ಟಿಗೆಗಳನ್ನು ಹಡಗಿನ ಹೊರಗೇ ನೇತುಹಾಕಿದರೆ? (ಮೈಸೂರು)

ತಂಪಿಗೇನೂ ಕೊರತೆಯಿಲ್ಲ, ಆದರೆ ನಿಧಾನ. ನಿರ್ವಾತ ಎಂದರೆ ಥರ್ಮಾಸ್ ಫ್ಲಾಸ್ಕಿನ ಗೋಡೆ, ಬಿಸಿ ವಿಕಿರಣವಾಗಿ ಮಾತ್ರ ಹೊರಹೋಗಬೇಕು. ಕಾಟ ಇರುವುದು ಬೇರೆ ಕಡೆ. ಭೂಮಿಯ ಮೇಲೆ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣದ ಹಾನಿಯ ಅಳತೆ) ನೈಸರ್ಗಿಕ ವಿಕಿರಣ ತಗಲುತ್ತದೆ. ಮಂಗಳಕ್ಕೆ ಹೋಗುವ ದಾರಿಯಲ್ಲಿ ಕ್ಯೂರಿಯಾಸಿಟಿ ನೌಕೆಯ ಉಪಕರಣ ಅಳೆದದ್ದು ದಿನಕ್ಕೇ ಸುಮಾರು 1.8. ಬದುಕಿರುವ ಕೋಶ ಪೆಟ್ಟು ಬಿದ್ದಲ್ಲಿ ತೇಪೆ ಹಾಕಿಕೊಳ್ಳುತ್ತದೆ, ಹೆಪ್ಪುಗಟ್ಟಿದ ಕೋಶ ಹಾಕಿಕೊಳ್ಳಲಾರದು. ಪೆಟ್ಟುಗಳು ಸಾಲದ ಬಡ್ಡಿಯಂತೆ ಕೂಡುತ್ತಲೇ ಹೋಗುತ್ತವೆ. ಹಾನಿಯ ತೂಕ ಸೇರಿಸದೆ, ಹೀರಿಕೊಂಡ ಶಕ್ತಿಯನ್ನಷ್ಟೇ ಗ್ರೇ ಎಂಬ ಮಾನದಲ್ಲಿ ಲೆಕ್ಕ ಹಾಕಿದರೂ 300 ವರ್ಷಕ್ಕೆ 50 ಗ್ರೇಗೂ ಹೆಚ್ಚು ಡೋಸು. ಸಸ್ತನಿಯ ಕೋಶ ವಿಭಜನೆ ಮರೆಯಲು ಕೆಲವೇ ಗ್ರೇ ಸಾಕು.

ಹಾಗಾಗಿ ಪೆಟ್ಟಿಗೆ ಹೊರಗಲ್ಲ, ನಟ್ಟನಡುವೆ ಇರಲಿ, ಸುತ್ತ ಕುಡಿಯುವ ನೀರಿನ ಟ್ಯಾಂಕುಗಳು. ಸೀಸದ ಗೋಡೆ ಬೇಡ, ಗ್ಯಾಲಕ್ಸಿಯ ಕಿರಣಗಳು ಭಾರಲೋಹಕ್ಕೆ ಬಡಿದರೆ ಇನ್ನಷ್ಟು ಚೂರುಕಣಗಳು ಸಿಡಿಯುತ್ತವೆ. ಜಲಜನಕ ಹೆಚ್ಚಿರುವ ನೀರು, ಪಾಲಿಥೀನ್ ವಾಸಿ. ಇನ್ನೊಂದು ದಾರಿ, ಇಪ್ಪತ್ತು ವರ್ಷಕ್ಕೊಮ್ಮೆ ಕೋಶಗಳನ್ನು ಎಬ್ಬಿಸಿ, ಬೆಳೆಸಿ, ಮತ್ತೆ ಮಲಗಿಸುವುದು. ಕಥೆಗಾರರು ಗಮನಿಸದ ತೊಡಕು ಇಲ್ಲೇ ಇದೆ: ಚರ್ಮದ ಸಾಮಾನ್ಯ ಕೋಶ ಐವತ್ತರ ಆಸುಪಾಸು ಸಲ ಇಮ್ಮಡಿಸಿ ನಿಂತುಬಿಡುತ್ತದೆ. ಪ್ರತಿ ಸುತ್ತಿಗೆ ನಾಲ್ಕು ಸಲ ಎಂದರೂ 300 ವರ್ಷ ಮುಟ್ಟುವ ಮೊದಲೇ ಲೆಕ್ಕ ಮುಗಿದಿರುತ್ತದೆ. ನನ್ನನ್ನು ಕೇಳಿದರೆ ಸೂಪರ್‌ನೋವಾಗಿಂತ ಇದೇ ಒಳ್ಳೆಯ ಕಥೆ.

ಆಶಾದಾಯಕ ಸಂಗತಿಯೂ ಒಂದಿದೆ. ಜಪಾನಿನ ತಂಡ ಒಣಗಿಸಿದ ಇಲಿಯ ವೀರ್ಯಾಣುಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 5 ವರ್ಷ 10 ತಿಂಗಳು ಇಟ್ಟು ತಂದು ಆರೋಗ್ಯವಂತ ಮರಿಗಳನ್ನು ಪಡೆಯಿತು. ಆ ನಿಲ್ದಾಣಕ್ಕೆ ಭೂಮಿಯ ಕಾಂತಕ್ಷೇತ್ರದ ಕೊಡೆಯಿದೆ ಎಂಬುದು ನೆನಪಿರಲಿ, ನಿಮ್ಮ ಹಡಗಿಗೆ ಅದಿಲ್ಲ.

ಪ್ರಶ್ನೆ: ಪ್ರತಿ ಪ್ರಾಣಿಯ ಒಂದು ಜೋಡಿ ಸಾಕೇ? (ದಾವಣಗೆರೆ)

ಒಂದು ಜೋಡಿ, ಇಡೀ ಸಂತತಿಯ ವೈವಿಧ್ಯದ ಮುಕ್ಕಾಲು ಪಾಲು ಹಿಡಿಯುತ್ತದೆ, ಇಪ್ಪತ್ತು ಪ್ರಾಣಿ ಶೇ 97.5. ಆದರೆ ರೋಗ ಬಂದಾಗ ಕಾಪಾಡುವುದು ಅಪರೂಪದ ವಂಶವಾಹಿ. ನೂರಕ್ಕೆ ಐದರಂತೆ ಇರುವ ಒಂದು ವಂಶವಾಹಿ ರೂಪ, ಒಂದು ಜೋಡಿಯಲ್ಲಿ ತಪ್ಪಿಹೋಗುವ ಸಂಭವ ಶೇ 81. ಇಪ್ಪತ್ತರಲ್ಲಿ ಶೇ 13, ಐವತ್ತರಲ್ಲಿ ಶೇ 1ಕ್ಕೂ ಕಡಿಮೆ. ಪರಸ್ಪರ ನಂಟಿಲ್ಲದ ಐವತ್ತು ಎಂದು ಬರೆದುಕೊಳ್ಳಿ. ಜೀವಂತ ಪ್ರಾಣಿ ಕಡಿಮೆಯಿದ್ದರೂ ನಡೆದೀತು, ಮಿಕ್ಕವು ಶೀಶೆಯಲ್ಲಿರಲಿ. ಅಮೆರಿಕದ ಕರಿಪಾದದ ಫೆರೆಟ್ ಪ್ರಾಣಿಗಳೆಲ್ಲ ಏಳೇ ಮೂಲ ಪ್ರಾಣಿಗಳ ಸಂತಾನ. 1988ರಲ್ಲಿ ಹೆಪ್ಪುಗಟ್ಟಿಸಿದ, ಆ ಏಳಕ್ಕೆ ಸೇರದ ಒಂದು ಹೆಣ್ಣಿನ ಕೋಶದಿಂದ 2020ರಲ್ಲಿ ತದ್ರೂಪಿ ಹುಟ್ಟಿತು. ಅದೇ ಕೋಶದ ಇನ್ನೊಂದು ತದ್ರೂಪಿ 2024ರಲ್ಲಿ ಮರಿ ಹಾಕಿತು. ಮೂವತ್ತಾರು ವರ್ಷದ ಮೇಲೆ ಸಂತತಿಗೆ ಹೊಸ ರಕ್ತ!

ಪ್ರಶ್ನೆ: ಬೀಜಗಳದ್ದು ಸುಲಭವಲ್ಲವೇ? (ಶಿರಸಿ)

ರಾಗಿ, ಭತ್ತ, ಹೆಸರಿನದು ಸುಲಭ. ತೇವಾಂಶ ಶೇ 3–7ಕ್ಕೆ ಇಳಿಯುವಂತೆ ನೆರಳಲ್ಲಿ, ಒಣಗಾಳಿಯಲ್ಲಿ ಆರಿಸಿ, ಫಾಯಿಲ್ ಪೊಟ್ಟಣದಲ್ಲಿ ಮುಚ್ಚಿ ಮೈನಸ್ 18ರಲ್ಲಿಡಿ. ನಾರ್ವೆಯ ಸ್ವಾಲ್‌ಬಾರ್ಡ್ ಬೀಜಭಂಡಾರದಲ್ಲಿ 2008ರಿಂದ ನಡೆದಿರುವುದೂ ಇದೇ. ಹಳೆಯ ಅಂದಾಜಿನ ಪ್ರಕಾರ ತೇವಾಂಶ ಶೇ 1 ಇಳಿದರೆ ಆಯುಸ್ಸು ಇಮ್ಮಡಿ, ಉಷ್ಣತೆ 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ. ಮೊಳಕೆ ಪ್ರಮಾಣ ಶೇ 85ಕ್ಕಿಂತ ಇಳಿದರೆ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು, ಹಾಗಾಗಿ ಹಡಗಿನಲ್ಲಿ ಗದ್ದೆಯೂ ಬೇಕು.

ಆದರೆ ನೀವು ಶಿರಸಿಯವರು, ನಿಮ್ಮ ಹಲಸು, ಮಾವು ಹೀಗೆ ಕೇಳುವುದಿಲ್ಲ. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಉಳಿದೀತು, ಹಲಸಿನ ಬೇಳೆ ಒಣಗಿದರೆ ಸತ್ತಂತೆ. ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯ (ಜೌಗುಕಾಡಿನ) ಮರಗಳದ್ದೂ ಇದೇ ಜಾಯಮಾನ. ಇಂಥವಕ್ಕೆ ಬೀಜದೊಳಗಿನ ಕೆಲವೇ ಮಿಲಿಮೀಟರಿನ ಮೊಳಕೆಯ ಅಕ್ಷವನ್ನೋ ಚಿಗುರಿನ ತುದಿಯನ್ನೋ ಸೂಕ್ಷ್ಮದರ್ಶಕದಡಿ ಬಿಡಿಸಿ, ಹಿಮ ಕಟ್ಟದಂತೆ ರಕ್ಷಕ ದ್ರವದಲ್ಲಿ ನೆನೆಸಿ, ದ್ರವ ಸಾರಜನಕಕ್ಕೆ ಹಾಕಬೇಕು. ಪ್ರತಿ ಜಾತಿಗೂ ಪಾಕ ಬೇರೆ.

ಪ್ರಶ್ನೆ: ಸಾಮಾನ್ಯವಾಗಿ ಮರೆತುಹೋಗುವುದು ಯಾವುದು? (ಮಂಗಳೂರು)

ಹೇನು. ಅಮೆರಿಕದ ಕಾಂಡೋರ್ ರಣಹದ್ದುಗಳನ್ನು ಕಾಡಿನಿಂದ ಹಿಡಿದು ತಂದು ಉಳಿಸಿದರು, ಶುಶ್ರೂಷೆಯ ಭಾಗವಾಗಿ ಹೇನು ತೆಗೆದರು. ಆ ಹಕ್ಕಿಯ ಮೇಲೆ ಮಾತ್ರ ಬದುಕುತ್ತಿದ್ದ ಒಂದು ಹೇನಿನ ಜಾತಿ ಆಮೇಲೆ ಯಾರಿಗೂ ಸಿಕ್ಕಿಲ್ಲ. ಆರ್ಕಿಡ್ ಬೀಜ ಕಾಡಿನಲ್ಲಿ ಮೊಳೆಯಲು ಅದರ ಶಿಲೀಂಧ್ರ ಬೇಕು, ಕರುವಿನ ಹೊಟ್ಟೆಗೆ ಅದರ ಬ್ಯಾಕ್ಟೀರಿಯಾ ಬೇಕು.

ಅತ್ತಿ ಹಣ್ಣಿನೊಳಗೆ ಹುಳ ಎಂದು ಮೂಗು ಮುರಿಯುತ್ತೇವಲ್ಲ, ಆ ಪುಟ್ಟ ಕಣಜವಿಲ್ಲದೆ ಅತ್ತಿಗೆ ಪರಾಗಸ್ಪರ್ಶವಿಲ್ಲ. ಹಣ್ಣಿನಿಂದ ಹೊರಬಿದ್ದ ಹೆಣ್ಣು ಕಣಜದ ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ ಹದಕ್ಕೆ ಬಂದ ಎಳೆಗಾಯಿಯಿರುವ ಇನ್ನೊಂದು ಮರ ಅದಕ್ಕೆ ಸಿಗಬೇಕು. ಆದ್ದರಿಂದ ಅತ್ತಿಯನ್ನು ಒಯ್ಯುವುದಾದರೆ ಒಂದಾದ ಮೇಲೊಂದು ಕಾಯಿ ಕಚ್ಚುವ ಮರಗಳ ತೋಪನ್ನೇ ಒಯ್ಯಿರಿ.