ಸೂಪರ್‌ಹೀರೋ ಸಿನಿಮಾಗಳಲ್ಲಿ ನಿಜವಾಗ್ಲೂ ರಾಜಕೀಯ ಇರತ್ತಾ, ಇಲ್ಲ ನಾವೇ ಕಲ್ಪಿಸ್ಕೋತೀವಾ? ನೋಡೋದಾದ್ರೆ ಯಾವುದು ನೋಡ್ಬೇಕು?

ಇರತ್ತೆ, ಮೊದಲಿಂದಾನೂ ಇದೆ. ಆದ್ರೆ ನೀವು ಪ್ರಶ್ನೆ ಜೊತೆಗೆ "ಮೊದ್ಲೆಲ್ಲ ಇವು ಮಕ್ಕಳ ಕತೆ ಆಗಿದ್ವು, ಈಗೀಗ ಬೇಕಂತ್ಲೇ ರಾಜಕೀಯ ತುರುಕ್ತಿದಾರೆ" ಅಂತ ಒಂದು ಸಾಲು ಸೇರಿಸಿದೀರಲ್ಲ, ಅದೊಂದು ಮಾತ್ರ ಒಪ್ಪಕ್ಕಾಗಲ್ಲ.

ಕ್ಯಾಪ್ಟನ್ ಅಮೆರಿಕದ ಮೊದಲನೇ ಕಾಮಿಕ್ ಪುಸ್ತಕ ಅಂಗಡಿಗೆ ಬಂದಿದ್ದು 1940ರ ಡಿಸೆಂಬರ್‌ನಲ್ಲಿ (ಮುಖಪುಟದ ಮೇಲೆ 1941 ಮಾರ್ಚ್ ಅಂತಿದೆ, ಆಗೆಲ್ಲ ಮುಂದಿನ ತಿಂಗಳುಗಳ ಹೆಸರು ಹಾಕೋರು). ಆ ಮುಖಪುಟದಲ್ಲಿ ಹೀರೋ ಹಿಟ್ಲರ್ ದವಡೆಗೆ ಗುದ್ದು ಕೊಡ್ತಿದಾನೆ. ಈಗ ನೋಡಿದ್ರೆ ಅದ್ರಲ್ಲೇನಿದೆ ಮಹಾ ಅನ್ಸತ್ತೆ, ಆದ್ರೆ ಅಮೆರಿಕ ಯುದ್ಧಕ್ಕೆ ಇಳಿದಿದ್ದೇ ಇನ್ನೊಂದು ವರ್ಷ ಕಳೆದು ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿದ್ಮೇಲೆ, ಅಲ್ಲೀವರ್ಗೂ ಯುರೋಪಿನೋರ ಜಗಳ ನಮಗ್ಯಾಕೆ ಅನ್ನೋ ಜನ ಅಲ್ಲಿ ಬೇಕಾದಷ್ಟಿದ್ರು, ಹಿಟ್ಲರ್ ಪರ ಸಭೆ ಮಾಡೋರೂ ಇದ್ರು. ಆ ಪಾತ್ರ ಸೃಷ್ಟಿ ಮಾಡಿದ ಜೋ ಸೈಮನ್, ಜಾಕ್ ಕರ್ಬಿ ಇಬ್ರೂ ಯಹೂದಿ ಮನೆತನದ ಹುಡುಗ್ರು, ಪುಸ್ತಕ ಬಂದ್ಮೇಲೆ ಎಷ್ಟು ಬೆದರಿಕೆ ಬಂತು ಅಂದ್ರೆ ಕೊನೆಗೆ ನ್ಯೂಯಾರ್ಕ್ ಮೇಯರ್ ಲಗಾರ್ಡಿಯಾನೇ ಫೋನ್ ಮಾಡಿ ರಕ್ಷಣೆ ಕೊಡ್ತೀವಿ ಹೆದರ್ಬೇಡಿ ಅಂದಿದ್ರಂತೆ. ಸೂಪರ್‌ಮ್ಯಾನ್ ಇನ್ನೂ ಹಿಂದಿನವನು, 1938. ಅವನ ಮೊದಮೊದಲ ಕತೆಗಳಲ್ಲಿ ಬೇರೆ ಗ್ರಹದ ರಾಕ್ಷಸರೆಲ್ಲ ಇಲ್ಲವೇ ಇಲ್ಲ. ಅಲ್ಲಿರೋದು ಮಾರಿಹೋಗಿರೋ ಸೆನೆಟರ್, ಯುದ್ಧ ಹಚ್ಚಿ ಮದ್ದುಗುಂಡು ಮಾರೋ ವ್ಯಾಪಾರಿ, ಕೂಲಿಗಳ ಪ್ರಾಣಕ್ಕೆ ಬೆಲೆನೇ ಕೊಡದ ಗಣಿ ಮಾಲೀಕ. ಇದನ್ನ ಮಕ್ಕಳ ಕತೆ ಅನ್ನೋದಾದ್ರೆ ಅನ್ನಿ.

ಹಾಗಾಗಿ ಇದ್ಯಾ ಇಲ್ವಾ ಅನ್ನೋ ವಾದ ಬಿಡಿ. ನಂಗೆ ಕುತೂಹಲ ಇರೋದು ಇಂಟರ್ವಲ್ ತನಕ ಎತ್ತಿದ ಪ್ರಶ್ನೆನ ಕ್ಲೈಮ್ಯಾಕ್ಸಲ್ಲಿ ಏನ್ ಮಾಡ್ತಾರೆ ಅನ್ನೋದ್ರಲ್ಲಿ. ನಮ್ಮ ಕಡೆ ಸಿನಿಮಾದಲ್ಲಿ ತಾಲೂಕು ಆಫೀಸು, ಪೊಲೀಸ್ ಸ್ಟೇಷನ್ನು, ಕೋರ್ಟು ಎಲ್ಲಾ ಕುಲಗೆಟ್ಟೋಗಿದೆ ಅಂತ ಎರಡು ಗಂಟೆ ತೋರ್ಸಿ ಕೊನೆಗೆ ಒಬ್ಬ ಎಂಎಲ್‌ಎನ ಕೆಸರಲ್ಲಿ ಉರುಳಾಡಿಸಿ ಹೊಡೆದ್ರೆ ಊರು ಉದ್ಧಾರ ಆಯ್ತು, ಶುಭಂ, ಅಂತ ಮುಗಿಸ್ತಾರಲ್ಲ, ಹಾಲಿವುಡ್ ಸೂಪರ್‌ಹೀರೋ ಸಿನಿಮಾನೂ ಮುಕ್ಕಾಲು ಪಾಲು ಅದೇ ಲೆಕ್ಕ, ಬಜೆಟ್ ಮಾತ್ರ ಬೇರೆ.

ಇದಕ್ಕೆ ಒಳ್ಳೇ ಉದಾಹರಣೆ 2014ರ ‘ಕ್ಯಾಪ್ಟನ್ ಅಮೆರಿಕ: ದ ವಿಂಟರ್ ಸೋಲ್ಜರ್’. ಅದ್ರಲ್ಲಿ ಶೀಲ್ಡ್ ಅನ್ನೋ ಗುಪ್ತಚರ ಸಂಸ್ಥೆ ಮೂರು ದೈತ್ಯ ಹಾರೋ ಹಡಗು ಕಟ್ಟಿಸಿರತ್ತೆ, ಉಪಗ್ರಹಗಳ ಜೊತೆ ಲಿಂಕ್ ಆಗಿ ಭೂಮಿ ಮೇಲೆ ಯಾರನ್ನ ಬೇಕಾದ್ರೂ ಮೇಲಿಂದಾನೇ ಹೊಡೆದು ಹಾಕೋ ಅಂಥವು. ಯಾರನ್ನ ಹೊಡೀಬೇಕು ಅಂತ ನಿರ್ಧಾರ ಮಾಡೋದು ಒಂದು ಆಲ್ಗರಿದಮ್ಮು, ನಿಮ್ಮ ಬ್ಯಾಂಕ್ ಅಕೌಂಟು, ಆಸ್ಪತ್ರೆ ಫೈಲು, ಓಟು, ಇಮೇಲು, ಪರೀಕ್ಷೆ ಮಾರ್ಕ್ಸು ಎಲ್ಲಾ ಓದಿ ಇವನು ಮುಂದೆ ತಲೆನೋವು ಆಗ್ತಾನೆ ಅಂತ ಲೆಕ್ಕ ಹಾಕತ್ತೆ. ಅಂದ್ರೆ ಇನ್ನೂ ಏನೂ ಮಾಡಿರಲ್ಲ ನೀವು. ಕ್ಯಾಪ್ಟನ್ ಅಮೆರಿಕ ಆಗಿರೋ ಸ್ಟೀವ್ ರೋಜರ್ಸ್ ಅದನ್ನ ನೋಡಿ, ತಪ್ಪು ಮಾಡಿದ್ಮೇಲಲ್ವಾ ಶಿಕ್ಷೆ ಕೊಡೋದು ಅಂತ ಕೇಳ್ತಾನೆ, ಅಲ್ಲೀವರ್ಗೂ ಕಾಯಕ್ಕಾಗಲ್ಲ ಅಂತ ಉತ್ತರ ಬರತ್ತೆ.

ಇದು ಗಾಳೀಲಿ ಬಂದಿದ್ದಲ್ಲ. 2012ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ದೊಡ್ಡ ವರದಿ ಮಾಡಿತ್ತು, ಡ್ರೋನ್‌ನಲ್ಲಿ ಯಾರನ್ನ ಕೊಲ್ಬೇಕು ಅನ್ನೋ ಪಟ್ಟಿಗೆ ಅಧ್ಯಕ್ಷ ಒಬಾಮಾನೇ ಖುದ್ದಾಗಿ ಒಪ್ಪಿಗೆ ಕೊಡ್ತಾರೆ ಅಂತ. ಹೆಸರೂ ಗೊತ್ತಿಲ್ದೆ ಬರೀ ಓಡಾಟದ ರೀತಿ ನೋಡಿ ಹೊಡೆಯೋ ದಾಳಿಗಳೂ ನಡೀತಿದ್ವು. 2011ರಲ್ಲಿ ಯೆಮನ್‌ನಲ್ಲಿ ಅನ್ವರ್ ಅಲ್ ಅವ್ಲಾಕಿ ಅನ್ನೋ ಅಮೆರಿಕದ ಪ್ರಜೆನ ಕೋರ್ಟು ಕಚೇರಿ ಏನೂ ಇಲ್ದೆ ಡ್ರೋನ್‌ನಲ್ಲಿ ಕೊಂದ್ರು, ಆಮೇಲೆ ಕೆಲವೇ ವಾರದಲ್ಲಿ ಇನ್ನೊಂದು ದಾಳೀಲಿ ಅವನ 16 ವರ್ಷದ ಮಗಾನೂ ಸತ್ತ. ಈ ಕೊಲ್ಲೋ ಪಟ್ಟಿ, ಡ್ರೋನ್ ವಿಷಯ ತಲೇಲಿಟ್ಕೊಂಡೇ ಸಿನಿಮಾ ಮಾಡಿದ್ದು ಅಂತ ನಿರ್ದೇಶಕರಾದ ರೂಸೋ ಸಹೋದರರೇ ಹೇಳ್ಕೊಂಡಿದಾರೆ, ಹಾಗಾಗಿ ಇದು ನಾವು ಕಲ್ಪಿಸ್ಕೊಂಡಿದ್ದಲ್ಲ.

ಅದ್ರಲ್ಲೊಂದು ಸಣ್ಣ ಸೀನ್ ಇದೆ, ನಮ್ಮೋರು ಬಹಳ ಜನ ಗಮನಿಸಿರಲ್ಲ. ರಾಬರ್ಟ್ ರೆಡ್‌ಫರ್ಡ್ ಮಾಡಿರೋ, ಶೀಲ್ಡ್‌ನ ದೊಡ್ಡ ಅಧಿಕಾರಿ ಪಿಯರ್ಸ್ ಅನ್ನೋ ಪಾತ್ರ, ಕೈಯಲ್ಲಿ ಗ್ಲಾಸ್ ಹಿಡ್ಕೊಂಡು ಆರಾಮಾಗಿ ಮಾತಾಡ್ತಾ, ಶೀಲ್ಡ್ ಮೇಲೆ ಕಣ್ಣಿಡೋ ಕೌನ್ಸಿಲ್‌ನಲ್ಲಿರೋ ಸಿಂಗ್ ಅನ್ನೋ ಭಾರತೀಯನ ಹತ್ರ ಬಂದು ಕೇಳತ್ತೆ. ನಾಳೆ ಪಾಕಿಸ್ತಾನ ಮುಂಬೈಗೆ ನುಗ್ಗಿ ನಿನ್ನ ಹೆಣ್ಣುಮಕ್ಕಳನ್ನ ಸ್ಟೇಡಿಯಂಗೆ ಎಳ್ಕೊಂಡೋಗಿ ಕೊಲ್ಲತ್ತೆ ಅಂತ ನಿಂಗೆ ಮೊದ್ಲೇ ಗೊತ್ತಾದ್ರೆ, ಒಂದು ಸ್ವಿಚ್ ಒತ್ತಿ ತಡೀಬೋದು ಅಂದ್ರೆ, ಒತ್ತಲ್ವಾ? ಸಿಂಗ್ ಕೊಡೋ ಉತ್ತರ, ಸ್ವಿಚ್ ನಿಂದಾಗಿದ್ರೆ ಒತ್ತಲ್ಲ ಅಂತ. ಇಡೀ ಸಿನಿಮಾದಲ್ಲಿ ರಾಜಕೀಯವಾಗಿ ಅತೀ ಜಾಣ ಮಾತು ನನ್ನ ಪ್ರಕಾರ ಇದೇ, ಹೇಳಿದ್ದು ಹೀರೋ ಅಲ್ಲ, ಐದು ನಿಮಿಷದ ಪಾತ್ರ. ಸ್ವಿಚ್ ಒಳ್ಳೇದಾ ಕೆಟ್ಟದ್ದಾ ಅನ್ನೋ ತಂಟೆಗೇ ಅವನು ಹೋಗಲ್ಲ, ಯಾರ ಕೈಲಿದೆ ಅಂತ ಕೇಳ್ತಾನೆ.

ಈಗ ಕ್ಲೈಮ್ಯಾಕ್ಸಿಗೆ ಬನ್ನಿ. ಶೀಲ್ಡ್ ಒಳಗೆ ಹೈಡ್ರಾ ಅನ್ನೋ ಹಳೇ ನಾಜಿ ಕಾಲದ ಗ್ಯಾಂಗು ಸೇರ್ಕೊಂಡಿತ್ತು, ಈ ಹಡಗು ಪಟ್ಟಿ ಎಲ್ಲಾ ಅವರದ್ದೇ ಪಿತೂರಿ ಅಂತ ಗೊತ್ತಾಗತ್ತೆ. ಆ ಗ್ಯಾಂಗು ಒಳಗೆ ಬಂದಿದ್ದು ಹೆಂಗೆ ಅನ್ನೋದಕ್ಕೂ ನಿಜವಾದ ಇತಿಹಾಸ ಇದೆ, ಎರಡನೇ ಮಹಾಯುದ್ಧ ಮುಗಿದ್ಮೇಲೆ ಆಪರೇಷನ್ ಪೇಪರ್‌ಕ್ಲಿಪ್ ಅಂತ ಮಾಡಿ ಅಮೆರಿಕ 1,600ಕ್ಕೂ ಹೆಚ್ಚು ಜರ್ಮನ್ ವಿಜ್ಞಾನಿ, ಎಂಜಿನಿಯರ್‌ಗಳನ್ನ ಕರ್ಕೊಂಡೋಯ್ತು. ಕೈದಿಗಳನ್ನ ದುಡಿಸಿ ಕಟ್ಟಿದ ವಿ-2 ರಾಕೆಟ್ಟಿನ ಹಿಂದಿದ್ದ ವೆರ್ನರ್ ಫಾನ್ ಬ್ರೌನ್ ಅವರಲ್ಲೊಬ್ಬ, ಮುಂದೆ ಚಂದ್ರನ ಮೇಲೆ ಹೋಗೋ ರಾಕೆಟ್ಟೂ ಅವನ ತಂಡದ್ದೇ. ಇಲ್ಲೀವರ್ಗೂ ಭೇಷ್. ಆದ್ರೆ ಯೋಚ್ನೆ ಮಾಡಿ, ನಿಜ ಜೀವನದಲ್ಲಿ ಆ ಪಟ್ಟಿಗೆ ಸಹಿ ಹಾಕಿದ ಆಫೀಸಲ್ಲಿ ಯಾವ ಹೈಡ್ರಾನೂ ಇರ್ಲಿಲ್ಲ. ಜನ ಓಟ್ ಹಾಕಿ ಆರಿಸಿದ, ಓದಿದ, ನೊಬೆಲ್ ಶಾಂತಿ ಪ್ರಶಸ್ತಿ ತಗೊಂಡ ಅಧ್ಯಕ್ಷ, ಪಕ್ಕದಲ್ಲಿ ವಕೀಲರು, ಎಲ್ಲಾ ಕಾನೂನು ಪ್ರಕಾರ. ಸಿನಿಮಾ ಇದನ್ನ ಹೇಳೋ ಬದಲು ಕಳ್ಳ ನುಗ್ಗಿದ್ದ, ಹಿಡಿದ್ವಿ ಅಂತ ಹೇಳಿ ನಮ್ಮನ್ನ ಮನೆಗೆ ಕಳಿಸತ್ತೆ. ಅದೇ ಹಡಗು ಒಳ್ಳೇವ್ರ ಕೈಲಿದ್ರೆ ಏನು ಅನ್ನೋ ಸಿಂಗ್ ಪ್ರಶ್ನೆ ಹಂಗೇ ಉಳ್ಕೊಳತ್ತೆ.

ಇನ್ನೊಂದು ತಂತ್ರ ಇದಕ್ಕಿಂತ ಚಾಲಾಕು. ಸತ್ಯಾನೆಲ್ಲ ವಿಲನ್ ಬಾಯಲ್ಲಿ ಆಡಿಸ್ತಾರೆ, ಆಮೇಲೆ ಅವನ ಕೈಲೇ ಕೊಲೆ ಮಾಡಿಸ್ತಾರೆ. 2018ರ ‘ಬ್ಲ್ಯಾಕ್ ಪ್ಯಾಂಥರ್’ ನೋಡಿ. ಅದರ ವಿಲನ್ ಕಿಲ್‌ಮಂಗರ್ ಲಂಡನ್ನಿನ ಒಂದು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆ ಮುಂದೆ ನಿಂತಿರ್ತಾನೆ, ಸೆಕ್ಯೂರಿಟಿಯೋರು ಅವನು ಒಳಗೆ ಬಂದಾಗಿಂದ ಅವನನ್ನೇ ನೋಡ್ತಿರ್ತಾರೆ, ಕಾಫಿ ಹಿಡ್ಕೊಂಡು ಬಂದ ಮೇಡಮ್ಮು ಇದು ಬೆನಿನ್‌ದು ಅದು ಘಾನಾದ್ದು ಅಂತ ವಿವರಿಸ್ತಾಳೆ, ಇವನು ತಣ್ಣಗೆ ಕೇಳ್ತಾನೆ, ನಿಮ್ಮ ತಾತಂದಿರಿಗೆ ಇದು ಹೆಂಗೆ ಸಿಕ್ತು, ನ್ಯಾಯವಾದ ಬೆಲೆ ಕೊಟ್ಟು ತಗೊಂಡ್ರಾ? 1897ರಲ್ಲಿ ಬ್ರಿಟಿಷ್ ಸೈನ್ಯ ಪಶ್ಚಿಮ ಆಫ್ರಿಕಾದ ಬೆನಿನ್ ಅರಮನೆ ದೋಚಿದ್ದು ನಿಜ, ಅಲ್ಲಿನ ಎಷ್ಟೋ ಕಂಚಿನ ಶಿಲ್ಪಗಳು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿರೋದೂ ನಿಜ. ನಮಗೇನು ಹೊಸದಲ್ಲ ಬಿಡಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ಕೊಂಡೋದ ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೇ ಇದೆ. ನಾನು ನೋಡಿದ ಥಿಯೇಟರಲ್ಲಿ ಆ ಸೀನಿಗೆ ಶಿಳ್ಳೆ ಬಿತ್ತು, ವಿಲನ್ನಿಗೆ!

ಆದ್ರೆ ಆಮೇಲೆ ಏನ್ ಮಾಡಿಸ್ತಾರೆ? ಜೊತೆಗಿದ್ದ ಹುಡುಗಿಗೇ ಗುಂಡು ಹೊಡೀತಾನೆ, ವಯಸ್ಸಾದ ಹೆಂಗಸಿನ ಕುತ್ತಿಗೆ ಹಿಡೀತಾನೆ, ಪವಿತ್ರ ತೋಟಕ್ಕೆ ಬೆಂಕಿ ಇಡಿಸ್ತಾನೆ. ಅಷ್ಟೊತ್ತಿಗೆ ಅವನ ಪ್ರಶ್ನೆ ಅವನ ಜೊತೆಗೇ ಕೆಟ್ಟದಾಗಿರತ್ತೆ. ಕತೆ ಶುರುವಾಗೋದು 1992ರ ಓಕ್‌ಲ್ಯಾಂಡ್ ಊರಲ್ಲಿ, 1966ರಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿದ ಊರೇ ಅದು (ಕಾಮಿಕ್ಸಿನ ಪಾತ್ರ ಪಾರ್ಟಿಗಿಂತ ಕೆಲವು ತಿಂಗಳು ಮೊದ್ಲೇ ಬಂದಿತ್ತು, ಹಾಗಾಗಿ ಹೆಸರು ಪಾರ್ಟಿಯಿಂದ ತಗೊಂಡಿದ್ದಲ್ಲ). ಆ ಪಾರ್ಟಿಯವ್ರು ಬಂದೂಕು ಹಿಡಿದು ಪೊಲೀಸರ ಹಿಂದೆ ಗಸ್ತು ಹೋಗ್ತಿದ್ರು, ಬಡ ಮಕ್ಕಳಿಗೆ ಬೆಳಗಿನ ತಿಂಡಿ ಪುಕ್ಕಟೆ ಹಾಕ್ತಿದ್ರು, ಎರಡನ್ನೂ. ಸಿನಿಮಾದಲ್ಲಿ ಬಂದೂಕು ಪೂರ್ತಿ ವಿಲನ್ ಪಾಲಿಗೆ ಬಂತು, ತಿಂಡಿ ಅನ್ಬೋದಾದ ಸಮಾಜಸೇವೆ ಕೇಂದ್ರ ಕೊನೇಲಿ ಹೀರೋ ಆಗಿರೋ ಆಫ್ರಿಕಾದ ರಾಜನ ಪಾಲಿಗೆ. ಎಲ್ಲಕ್ಕಿಂತ ತಮಾಷೆ ಅಂದ್ರೆ ಸಿಐಎ ಏಜೆಂಟು. ಬೇರೆ ದೇಶದ ಸರ್ಕಾರ ಬೀಳಿಸೋ ವಿದ್ಯೆ ಕಿಲ್‌ಮಂಗರಿಗೆ ಕಲಿಸಿದ್ದು ನಾವೇ ಅಂತ ಅವನ ಬಾಯಲ್ಲೇ ಹೇಳಿಸ್ತಾರೆ, ಆಮೇಲೆ ಕೊನೆ ಫೈಟಲ್ಲಿ ಅದೇ ಏಜೆಂಟು ವಿಮಾನ ಹೊಡೆದುರುಳಿಸಿ ಆಫ್ರಿಕಾನ ಕಾಪಾಡ್ತಾನೆ. 1960ರಲ್ಲಿ ಸಿಐಎ ಕೈವಾಡ ಕಂಡ ಕಾಂಗೋದೋರು ಇದನ್ನ ನೋಡಿ ಏನಂದ್ಕೊಂಡಿರ್ಬೇಡ. ಇಷ್ಟೆಲ್ಲ ಹೇಳಿದ್ರೂ ನಂಗೆ ಈ ಸಿನಿಮಾ ಇಷ್ಟ, ಯಾಕಂದ್ರೆ ನಿರ್ದೇಶಕ ರಯಾನ್ ಕೂಗ್ಲರ್ ಸಾಯೋ ಹೊತ್ತಲ್ಲಿ ಕಿಲ್‌ಮಂಗರಿಗೆ ಗುಲಾಮರ ಹಡಗಿಂದ ಸಮುದ್ರಕ್ಕೆ ಹಾರಿದ ಪೂರ್ವಿಕರ ಬಗ್ಗೆ ಕೊಡೋ ಮಾತಿನ ಮುಂದೆ ರಾಜನ ಭಾಷಣ ಎಲ್ಲಾ ಸಪ್ಪೆ, ಅದು ಅವರಿಗೂ ಗೊತ್ತಿತ್ತು ಅನ್ಸತ್ತೆ.

‘ಐರನ್ ಮ್ಯಾನ್’ (2008) ಬಗ್ಗೆ ಜಾಸ್ತಿ ಹೇಳಲ್ಲ. ಶಸ್ತ್ರಾಸ್ತ್ರ ವ್ಯಾಪಾರಿಗೆ ಅಫ್ಘಾನಿಸ್ತಾನದಲ್ಲಿ ಜ್ಞಾನೋದಯ ಆಗತ್ತೆ, ಆದ್ರೆ ತಪ್ಪು ಶಸ್ತ್ರಾಸ್ತ್ರ ವ್ಯಾಪಾರದ್ದಲ್ಲ, ಕದ್ದು ಮಾರ್ತಿದ್ದ ಪಾರ್ಟ್ನರ್‌ದು ಅಂತ ತೀರ್ಮಾನ ಆಗತ್ತೆ. ಹಿಂದಿನ ವಿಷಯ ಇನ್ನೂ ಮಜಾ ಇದೆ. ಅಮೆರಿಕದಲ್ಲಿ ನಿಜವಾದ ಯುದ್ಧವಿಮಾನ, ಏರ್‌ಬೇಸ್ ಸಿನಿಮಾಗೆ ಬೇಕಂದ್ರೆ ಪೆಂಟಗನ್‌ಗೆ, ಅಂದ್ರೆ ಸೇನೆಯ ಹೆಡ್ಡಾಫೀಸಿಗೆ, ಸ್ಕ್ರಿಪ್ಟ್ ತೋರಿಸ್ಬೇಕು, ಅವ್ರು ಬದಲಾಯಿಸಿ ಅಂದ್ರೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಗ್ರಾಫಿಕ್ಸೇ ಗತಿ. ‘ಐರನ್ ಮ್ಯಾನ್’ಗೆ ಸಿಕ್ತು. 2012ರ ‘ಅವೆಂಜರ್ಸ್’ನಿಂದ ಹಿಂದೆ ಸರಿದ್ರು, ಕಾರಣ ಏನಂದ್ರೆ ಈ ಶೀಲ್ಡ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಮುಂದೆ ನಮ್ಮ ಸೈನ್ಯದ ಸ್ಥಾನ ಏನು, ನಾವು ಅವರ ಕೈಕೆಳಗಾ ಅಂತ ಅವರಿಗೆ ಸಮಾಧಾನ ಆಗ್ಲಿಲ್ಲ. ಹಸಿರು ಹಲ್ಕ್, ಸಿಡಿಲಿನ ದೇವರು ಎಲ್ಲಾ ಓಕೆ, ಆಡಳಿತಾತ್ಮಕ ಗೊಂದಲ ಮಾತ್ರ ನಡೆಯಲ್ಲ. 2019ರ ‘ಕ್ಯಾಪ್ಟನ್ ಮಾರ್ವೆಲ್’ ಹೊತ್ತಿಗೆ ಅಮೆರಿಕದ ವಾಯುಪಡೆ ಥಿಯೇಟರಲ್ಲೇ ಸೇರ್ಕೊಳಿ ಬನ್ನಿ ಅಂತ ಜಾಹೀರಾತು ಹಾಕ್ತು.

‘ದ ಡಾರ್ಕ್ ನೈಟ್’ (2008) ಮಾತ್ರ ಸ್ವಲ್ಪ ಕಷ್ಟದ ಕೇಸು. ಬುಷ್ ಸರ್ಕಾರ ವಾರಂಟ್ ಇಲ್ದೆ ಫೋನ್ ಕದ್ದು ಕೇಳ್ತಿದೆ ಅಂತ 2005ರ ಕೊನೇಲಿ ಬಯಲಾಗಿತ್ತು, ಸಿನಿಮಾದಲ್ಲಿ ಬ್ಯಾಟ್‌ಮ್ಯಾನ್ ಇಡೀ ಊರಿನ ಫೋನುಗಳನ್ನೇ ಮೈಕ್ ಮಾಡ್ಕೋತಾನೆ. ಇದು ತಪ್ಪು, ಈ ಮಿಷನ್ ಇದ್ರೆ ನಾನಿರಲ್ಲ ಅಂತ ಬ್ಯಾಟ್‌ಮ್ಯಾನ್‌ಗೆ ಯಂತ್ರ ಮಾಡ್ಕೊಡೋ ಲೂಸಿಯಸ್ ಫಾಕ್ಸ್ ಹೇಳ್ತಾನೆ, ಹೇಳಿ ಒಂದೇ ಒಂದು ಸಲ ಅಂತ ಬಳಸ್ತಾನೆ, ವಿಲನ್ ಜೋಕರ್ ಸಿಕ್ತಾನೆ, ಮಿಷನ್ ಸುಟ್ಟೋಗತ್ತೆ. ಒಂದೇ ಸಲ ಬಳಸಿ ತಾನಾಗೇ ಸುಟ್ಟಾಕಿದ ಸರ್ಕಾರ ಎಲ್ಲಾದ್ರೂ ಕಂಡಿದೀರಾ? ಆದ್ರೆ ಅದೇ ಸಿನಿಮಾ ಲಾಕಪ್ಪಲ್ಲಿ ಜೋಕರಿಗೆ ಹೊಡೆದು ಬಾಯಿ ಬಿಡಿಸೋ ಸೀನಲ್ಲಿ ಬೇರೇನೇ ಹೇಳತ್ತೆ, ಹೊಡೆತ ತಿಂದು ಜೋಕರ್ ಒತ್ತೆಯಾಳುಗಳಿರೋ ಎರಡು ಅಡ್ರೆಸ್ ಅದಲುಬದಲು ಮಾಡಿ ಹೇಳ್ತಾನೆ, ಬ್ಯಾಟ್‌ಮ್ಯಾನ್ ಪ್ರೀತಿಸಿದ ರೇಚಲ್ ಸಾಯ್ತಾಳೆ. ಚಿತ್ರಹಿಂಸೆ ಕೊಟ್ರೆ ಸತ್ಯ ಹೊರಗೆ ಬರತ್ತೆ ಅಂತ ವಾದ ಮಾಡ್ತಿದ್ದ ಕಾಲದಲ್ಲಿ ಇದನ್ನ ತೋರಿಸಿದ್ದು ಸಣ್ಣ ವಿಷಯ ಅಲ್ಲ.

ನೀವು ಹೇಳಿದ ಹಾಗೆ ಇಲ್ಲದ್ದನ್ನ ಹುಡುಕೋದೂ ಇದೆ, ಅದನ್ನ ಪತ್ತೆ ಹಚ್ಚೋಕೆ ತಾರೀಕು ನೋಡಿ ಸಾಕು. ‘ಡಾರ್ಕ್ ನೈಟ್ ರೈಸಸ್’ನ ವಿಲನ್ ಬೇನ್ ಷೇರುಪೇಟೆಗೆ ನುಗ್ಗೋದು, ದುಡ್ಡಿರೋರ ವಿರುದ್ಧ ನಡೆದ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿನ ನೋಡಿ ಬರೆದಿದ್ದು ಅಂತ ಎಷ್ಟೋ ಜನ ಬರೀತಾರೆ. ಚಳವಳಿ ಶುರುವಾಗಿದ್ದು 2011ರ ಸೆಪ್ಟೆಂಬರ್ 17ಕ್ಕೆ, ಸಿನಿಮಾ ಶೂಟಿಂಗ್ ಮೇ ತಿಂಗಳಲ್ಲೇ ಶುರುವಾಗಿತ್ತು, ಅದೂ ನಮ್ಮ ಜೋಧಪುರದ ಮೆಹರಾನ್‌ಗಢ ಕೋಟೆ ಹತ್ರ. ವಿಂಟರ್ ಸೋಲ್ಜರ್ ಕೊನೇಲಿ ಗುಪ್ತ ಫೈಲೆಲ್ಲ ಇಂಟರ್ನೆಟ್ಟಿಗೆ ಸುರಿಯೋದು ಅಮೆರಿಕ ಜನರ ಮೇಲೆ ಕದ್ದು ಕಣ್ಣಿಟ್ಟಿದ್ದನ್ನ ಬಯಲು ಮಾಡಿದ ಸ್ನೋಡನ್ ಕತೆ ಅಂತಾರೆ, ಸ್ನೋಡನ್ ದಾಖಲೆ ಹೊರಗೆ ಬಂದಿದ್ದು 2013ರ ಜೂನ್‌ನಲ್ಲಿ, ಶೂಟಿಂಗ್ ಏಪ್ರಿಲ್‌ನಲ್ಲೇ ಶುರು. ಎಲ್ರ ತಲೇಲೂ ಅದೇ ಭಯ ಓಡಾಡ್ತಿತ್ತು ಅಂತ ಬೇಕಾದ್ರೆ ಹೇಳ್ಬೋದು, ನೋಡಿ ಬರೆದ್ರು ಅನ್ನಕ್ಕಾಗಲ್ಲ.

2025ರ ‘ಸೂಪರ್‌ಮ್ಯಾನ್’ಗೂ ಹಿಂಗೇ ಆಯ್ತು, ದೊಡ್ಡ ದೇಶ ಬಡ ದೇಶದ ಮೇಲೆ ದಂಡೆತ್ತಿ ಹೋಗೋದು ನೋಡಿ ಅರ್ಧ ಜನ ಗಾಜಾ ಅಂದ್ರು, ಅರ್ಧ ಜನ ಯುಕ್ರೇನ್ ಅಂದ್ರು, ನಿರ್ದೇಶಕ ಜೇಮ್ಸ್ ಗನ್ ಗಾಜಾ ಯುದ್ಧಕ್ಕೂ ಮುಂಚೆನೇ ಬರೆದಿದ್ದೆ ಅಂದ್ರು. (ನಮ್ಮ ಸೆನ್ಸಾರ್‌ನೋರು ಯುದ್ಧದ ತಂಟೆಗೆ ಹೋಗ್ದೆ 33 ಸೆಕೆಂಡಿನ ಮುತ್ತಿಗೆ ಕತ್ರಿ ಹಾಕಿದ್ರು, ಆದ್ಯತೆ ಅಂದ್ರೆ ಇದು.) ಇಲ್ಲೂ ಕೊನೆಗೆ ಎಲ್ಲಾ ಲೂಥರ್ ಅನ್ನೋ ಒಬ್ಬ ಕೋಟ್ಯಧೀಶನ ಪ್ಲಾನು, ಅರ್ಧ ದೇಶ ಅವನಿಗೆ ಅಂತ ಒಪ್ಪಂದ ಆಗಿರತ್ತೆ. ಆದ್ರೆ ಮೊದಲರ್ಧದಲ್ಲಿ ಲೋಯಿಸ್ ಮನೇಲಿ ಒಂದು ಇಂಟರ್‌ವ್ಯೂ ಸೀನ್ ಇದೆ. ಅವಳು ಪ್ರೇಯಸಿ ಅನ್ನೋದು ಬಿಟ್ಟು ಪತ್ರಕರ್ತೆ ಆಗಿ ಕೂತು, ಯಾರನ್ನ ಕೇಳಿ ಇನ್ನೊಂದು ದೇಶಕ್ಕೆ ನುಗ್ಗಿದೆ, ಅಮೆರಿಕದ ಪರವಾಗಿ ಹೋದ ಹಾಗಾಗಲ್ವಾ, ಆ ದೇಶದ ಅಧ್ಯಕ್ಷನ್ನ ಹೆದರಿಸಿದ್ದು ಸರಿನಾ ಅಂತ ಒಂದೊಂದಾಗಿ ಕೇಳ್ತಾಳೆ, ಅವನಿಗೆ ರೇಗ್ಹೋಗತ್ತೆ, ಜನ ಸಾಯ್ತಿದ್ರು ಅಂತ ಕೂಗ್ತಾನೆ, ಅವಳು ಕೇಳೋದು ಬಿಡಲ್ಲ. ಇಬ್ರೂ ಸರಿ, ಯಾರೂ ಗೆಲ್ಲಲ್ಲ, ಫೈಟಿಂಗೂ ಇಲ್ಲ.

ಒಂದೇ ಸಿನಿಮಾ ನೋಡೋಷ್ಟು ಟೈಮಿದ್ರೆ ವಿಂಟರ್ ಸೋಲ್ಜರ್ ನೋಡಿ, ಎರಡಕ್ಕೆ ಇದ್ರೆ ಬ್ಲ್ಯಾಕ್ ಪ್ಯಾಂಥರ್ ಸೇರಿಸ್ಕೊಳಿ, ಆ ಇಂಟರ್‌ವ್ಯೂ ಸೀನ್ ಅಂತೂ ಬಿಡ್ಬೇಡಿ. ಎಕ್ಸ್‌ಮೆನ್ ಬಗ್ಗೆ ಬೇಕಂತ್ಲೇ ಬರ್ದಿಲ್ಲ, ಅದು ನಾಜಿಗಳ ಆಶ್‌ವಿಟ್ಸ್ ಶಿಬಿರದಿಂದ ಶುರುವಾಗೋ ಕತೆ, ಅದಕ್ಕೆ ಬೇರೆ ಪ್ರಶ್ನೆನೇ ಹಾಕಿ.